ಆರನೆಯ ಮೋಟಾರು

ಪೋಖರಣ್‌ನಲ್ಲಿ ಬಾಂಬು ಸಿಡಿದ ವಾರ. ಕ್ರೋಂಪೇಟೆಯ ಒಂದು ಫ್ಲ್ಯಾಟ್ ಕಟ್ಟಡದ ಮೆಟ್ಟಿಲ ಮೇಲೆ ನಿವಾಸಿಗಳ ಸಂಘದ ಕಾರ್ಯದರ್ಶಿ ಉಪೇಂದ್ರ ಮೈಸೂರುಪಾಕು ಹಂಚುತ್ತಾ ಗುಡುಗುತ್ತಿದ್ದರು.

"ತಮ್ಮ ಹತ್ರ ಸಾವಿರಾರು ಇಟ್ಕೊಂಡು ನಮಗೆ ಒಂದೂ ಬೇಡ ಅಂತಾರಲ್ಲ ಆ ಅಮೆರಿಕದವ್ರು, ಇದ್ಯಾವ ನ್ಯಾಯಾರೀ?"

ಅದೇ ಕಟ್ಟಡದ ಬದರಿನಾಥರಿಗೆ ಇದನ್ನು ಕೇಳಿ ಧೈರ್ಯ ಬಂತು. ಕಟ್ಟಡದಲ್ಲಿ ಐದು ಮನೆಯವರು ಮೋಟಾರು ಹಾಕಿ ಬೀದಿಯ ಪೈಪಿನ ನೀರನ್ನೆಲ್ಲ ಎಳೆದುಕೊಳ್ಳುತ್ತಿದ್ದರು. ಇವರ ನಲ್ಲಿ ಮಾತ್ರ ನೆಗಡಿಯಾದ ಮೂಗಿನಂತೆ ತೊಟ್ಟಿಕ್ಕುತ್ತಿತ್ತು. ಪಕ್ಕದ ಮನೆಯ ವಾಸಂತಿ ಕೈಪಂಪಿನಿಂದ ದಿನವೂ ತಂದುಕೊಡುವ ಒಂದು ಕೊಡದಲ್ಲೇ ಸಂಸಾರ ಸಾಗಬೇಕು.

"ಹಾಗಾದ್ರೆ ನಾನೂ ಒಂದು ಮೋಟಾರು ಹಾಕಿಸ್ಲಾ, ಸಾರ್?"

ಉಪೇಂದ್ರ ಟಪ್ಪನೆ ಡಬ್ಬಿ ಮುಚ್ಚಿ, ಊರಿನ ತಮಿಳು ಬೆರೆಸಿ ಗದರಿದರು. "ಅದು ವೇರೆ, ಇದು ವೇರೆ! ಎಲ್ರೂ ಹಾಕಿಸಿದ್ರೆ ಕಟ್ಟಡದ ಗತಿ? ನಾವು ಐದು ಜನ ಜವಾಬ್ದಾರಿ ಇರೋರು."

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಬದರಿನಾಥರು ಪ್ಲಂಬರ್ ಬಾಬುವನ್ನು ಕರೆಸಿ ಕೆಲಸ ಮುಗಿಸಿದರು. ಸದ್ದು ಕೇಳದಿರಲೆಂದು ಮೋಟಾರಿಗೆ ಕಂಬಳಿ ಹೊದಿಸಿ ಸ್ವಿಚ್ ಒತ್ತಿದ್ದೇ ತಡ, ಗೋಡೆ ನಡುಗಿತು. ಮೇಲಿನ ಮನೆಯ ಪಾತ್ರೆಗಳು ದಡದಡ ಉರುಳಿದವು. ಬಾಗಿಲಲ್ಲಿ ಜನವೋ ಜನ.

"ಶಾಂತಿಯುತ ಉದ್ದೇಶಕ್ಕೆ ಕಣ್ರೀ... ತುಳಸಿಗಿಡಕ್ಕೆ," ಎಂದು ತೊದಲಿದರು ಬದರಿನಾಥರು.

ಆ ಕ್ಷಣವೇ ಬಹಿಷ್ಕಾರ. ಅವರ ಹೆಂಡತಿ ರಮಾಬಾಯಿಗೆ ಹಾಲಿಗೆ ಹೆಪ್ಪು ಕೊಡುವವರೂ ಇಲ್ಲವಾದರು. ವಾಸಂತಿಯೊಬ್ಬಳೇ ಬಟ್ಟಲಲ್ಲಿ ಒಂದು ಚಮಚ ಮೊಸರು ತಂದಿಟ್ಟು ಹೋದಳು.

ಸಂಜೆ ಉಪೇಂದ್ರರೇ ನಗುತ್ತಾ ಬಂದರು. "ಆದದ್ದಾಯ್ತು, ಇನ್ಮೇಲೆ ನೀವೂ ನಮ್ಮವರೇ. ಆದ್ರೆ ಆ ವಾಸಂತಿ ಮಂಡಿನೋವು, ಕೊಡ ಹೊರೋಕಾಗಲ್ಲ, ನಂಗೂ ಮೋಟಾರು ಬೇಕು ಅಂತಿದಾಳೆ. ಏಳನೇದು ಬೇಡ. ಏನಂತೀರಿ?"

"ಛೆ ಛೆ, ಕಟ್ಟಡದ ಗತಿ?" ಎಂದ ಬದರಿನಾಥರು, ಆಗಲೇ ಕೂಡಿದ ಸಂಘದ ಸಭೆಯಲ್ಲಿ ಏಳನೆಯದು ಬೇಡವೆಂದು ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿದರು.

ನೀರು ಬರುವ ಹೊತ್ತಾಯಿತು. ಆರೂ ಮೋಟಾರುಗಳು ಒಟ್ಟಿಗೆ ಗರ್ಜಿಸಿ ಬೀದಿಯ ಒಂದೇ ಪೈಪನ್ನು ಎಳೆದಾಡಿದವು. ಆರೂ ನಲ್ಲಿಗಳಿಂದ ಬುಸ್ಸೆಂದು ಗಾಳಿ ಬಂತು. ನೀರು ಮಾತ್ರ ಒಂದು ತೊಟ್ಟೂ ಇಲ್ಲ.

ಬಾಗಿಲು ಬಡಿದ ಸದ್ದು. ಸೊಂಟದಲ್ಲಿ ಕೊಡ ಹೊತ್ತು, ಕುಂಟುತ್ತಾ ವಾಸಂತಿ ಒಳಗೆ ಬಂದಳು.

"ನಿಮಗೆ ನೀರು ಬಂದಿರಲ್ಲ ಅನ್ನಿಸ್ತು, ಮಾಮಾ. ನನಗೆ ಮೋಟಾರು ಬೇಡ ಅಂತ ಸಭೇಲಿ ಯಾರ್ಯಾರು ಕೈ ಎತ್ತಿದ್ರು? ನೀವಂತೂ ಎತ್ತಿರಲ್ಲ, ಬಿಡಿ."

ರಮಾಬಾಯಿ ಗಂಡನನ್ನೇ ನೋಡಿದರು. 'ಅದು ವೇರೆ, ಇದು ವೇರೆ' ಎನ್ನಲು ಬದರಿನಾಥರು ಬಾಯಿ ತೆರೆದರು. ಬಿಕ್ಕಳಿಕೆ ಹತ್ತಿಕೊಂಡಿತು.

ಮನೆಯಲ್ಲಿ ಕುಡಿಯಲು ಇದ್ದದ್ದು ಆ ಕೊಡದ ನೀರೊಂದೇ. ವಾಸಂತಿಯೇ ಲೋಟ ತುಂಬಿಸಿ ಅವರ ಕೈಗಿತ್ತಳು.