ಹೊಸ ಸ್ಕೀಗೆ ಮೇಣ ಹಚ್ಚಿದ ಎರಡು ದಿನ

ಹೊಸ ವಸ್ತುವನ್ನು ತಂದ ದಿನವೇ ಬಳಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹೊಸ ಮಡಕೆ ಒಂದು ದಿನವಾದರೂ ನೀರು ಕುಡಿಯಬೇಕು. ಹೊಸ ಹಂಚಿಗೆ ಎಣ್ಣೆ ಸವರಿ, ಉಳ್ಳಾಗಡ್ಡಿಯಿಂದ ತಿಕ್ಕಿ, ಮೊದಲ ರೊಟ್ಟಿಯನ್ನು ನಾಯಿಗೆ ಹಾಕಬೇಕು. ಹೊಸ ಮೆಟ್ಟು ಔಡಲೆಣ್ಣೆ ಕುಡಿದು ಮೆತ್ತಗಾಗುವವರೆಗೆ ನಮ್ಮ ಯಜಮಾನರು ಹಳೆಯ ಹರಕು ಮೆಟ್ಟಿನಲ್ಲೇ ಶಹಾಪುರದ ತಹಸೀಲು ಕಚೇರಿಗೆ ಹೋಗುತ್ತಾರೆ. ಅಲ್ಲಿ ಪೇಷ್ಕಾರರಾದ ಅವರ ಹೆಬ್ಬೆರಳು ಹೊರಗೆ ಇಣುಕುವುದನ್ನು ಊರೆಲ್ಲ ನೋಡಿದೆ. ಇನ್ನು ಸೊಸೆಯ ಮಾತು. "ನಿನ್ನ ಹದಕ್ಕ ತರಾಕ ನನಗ ಮೂರು ವರ್ಷ ಹಿಡೀತು ನೋಡವಾ" ಎಂದು ನಮ್ಮ ಅತ್ತೆಯವರು ಬಂದ ನೆಂಟರೆದುರು ಹೇಳುತ್ತಾರೆ. ಎಣ್ಣೆ ಹಚ್ಚಿದ್ದು ನೆನಪಿಲ್ಲ, ತಿಕ್ಕಿದ್ದು ಮಾತ್ರ ನೆನಪಿದೆ.

ಇಂಥ ಮನೆಗೆ ಒಂದು ಜೊತೆ ಹೊಸ ಸ್ಕೀ ಬಂದಾಗ ಏನಾಯಿತೆಂಬುದನ್ನು ಹೇಳಬೇಕೆಂದು ಕೂತಿದ್ದೇನೆ. ಸ್ಕೀ ಎಂದರೆ ಹಿಮದ ಮೇಲೆ ಜಾರಿಕೊಂಡು ಹೋಗಲು ಕಾಲಿಗೆ ಕಟ್ಟಿಕೊಳ್ಳುವ ಆಳುದ್ದದ ಮರದ ಹಲಗೆ. ಶಹಾಪುರದಲ್ಲಿ ಹಿಮವೆಲ್ಲಿ ಎಂದು ನೀವು ಕೇಳಬಹುದು. ಇಲ್ಲಿ ಬೇಸಿಗೆಯಲ್ಲಿ ನೀರೇ ಸಿಗುವುದಿಲ್ಲ, ಅದು ಗಟ್ಟಿಯಾಗುವುದು ದೂರ ಉಳಿಯಿತು.

ತಂದವನು ನನ್ನ ತಮ್ಮ ಶರಣು. ನನಗಿಂತ ಏಳು ವರ್ಷ ಚಿಕ್ಕವನು. ಅವನಿಗೆ ಎರಡು ತುಂಬುವ ಮೊದಲೇ ಅವ್ವ ಹೋದಳು. ಅಪ್ಪ ಸಿಕಂದರಾಬಾದಿನ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರಿಂದ ನಾನು ಅಲ್ಲಿಯ ಕಾನ್ವೆಂಟಿನಲ್ಲಿ ಓದಿದೆ. ಶಾಲೆಯಿಂದ ಬಂದು ಶರಣುವಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಆ ದಿನ ಕಲಿತ ಪಾಠವನ್ನೆಲ್ಲ ಅವನಿಗೆ ಒಪ್ಪಿಸುತ್ತಿದ್ದೆ. ಭೂಗೋಳ ಕಲಿಸುವ ಸಿಸ್ಟರ್ ಹಿಮದ ಸೀಮೆಯವರು. ಹಿಮ ಎಂದರೆ ಹೇಗಿರುತ್ತದೆ ಎಂದು ನಾವು ಕೇಳಿದರೆ ಡಸ್ಟರನ್ನು ಮೇಜಿಗೆ ಬಡಿದು ಸೀಮೆಸುಣ್ಣದ ಪುಡಿ ಹಾರಿಸಿ, "ಹೀಗೆ" ಎನ್ನುತ್ತಿದ್ದರು. ತಮ್ಮ ಊರಿನ ಮಕ್ಕಳು ಚಳಿಗಾಲದಲ್ಲಿ ಹಲಗೆ ಕಟ್ಟಿಕೊಂಡು ಜಾರುತ್ತಾ ಶಾಲೆಗೆ ಹೋಗುತ್ತಾರೆ ಎಂದೂ ಹೇಳಿದ್ದರು. ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಿರಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅದು ಲಡಾಯಿಯ ಕಾಲ. ಶರಣು ಫೌಜಿನಲ್ಲಿ ಕಂಪೌಂಡರನಾಗಿ ಸೇರಿ ಮುಂಬೈಯಲ್ಲಿದ್ದ. ಸಿಪಾಯಿಗಳಿಗೆ ಹಿಮದಲ್ಲಿ ನಡೆಯಲು ಕಲಿಸುವ ಕಾಶ್ಮೀರದ ಒಂದು ಕ್ಯಾಂಪಿಗೆ ಅವನನ್ನು ಹಾಕಿದರು. ಅವನ ಮೇಲಿನ ಅಧಿಕಾರಿ ತನಗೆಂದು ವಿಲಾಯತಿಯಿಂದ ಸ್ಕೀ ತರಿಸಿಕೊಂಡು, ಕಟ್ಟು ಬಿಚ್ಚುವ ಮೊದಲೇ ಬೇರೆ ಕಡೆ ಹೋಗಬೇಕಾಗಿ ಬಂದು, ಇವನಿಗೆ ಕೊಟ್ಟುಬಿಟ್ಟಿದ್ದ. ಕಾಶ್ಮೀರಕ್ಕೆ ಹೋಗುವ ಮೊದಲು ಅವನ್ನು ಹೊತ್ತುಕೊಂಡೇ ಶರಣು ರಜೆಗೆ ಬಂದ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಮೋಟಾರಿನ ಮೇಲೆ ಹಾಕಿಸಿಕೊಂಡು ಬರುವಷ್ಟರಲ್ಲಿ ಅವು ಭೀಮಾ ಹೊಳೆಯ ಮೀನುಗಾರರಿಗೆ ಹುಟ್ಟು, ಮೋಟಾರಿನವನಿಗೆ ಹೊಸ ನಮೂನೆಯ ನೊಗ, ನಮ್ಮ ಓಣಿಯವರಿಗೆ ಹೆಣದ ಚಟ್ಟ ಆಗಿದ್ದವು. ಪಕ್ಕದ ಮನೆಯ ಮುದುಕಿಯಂತೂ "ಯಾರ್‍ರೀ ಹ್ವಾದವರು?" ಎಂದು ಸೆರಗು ಬಾಯಿಗೆ ಹಿಡಿದುಕೊಂಡೇ ಬಂದಳು. ಅವಳಿಗೆ ಚಹಾ ಕೊಟ್ಟು ಕಳಿಸಿದೆವು. ಆ ದಿನ ನಾವೆಲ್ಲ ನಕ್ಕೆವು.

ಸ್ಕೀ ನಮ್ಮ ಯಾವ ಕೋಣೆಯಲ್ಲೂ ನೆಟ್ಟಗೆ ನಿಲ್ಲಲಿಲ್ಲ. ಪಡಸಾಲೆಯಲ್ಲಿ ಮಲಗಿಸಿದರೆ ಬಾಗಿದ ಮೂತಿಗಳು ಹೊಸ್ತಿಲು ದಾಟಿ ಅಂಗಳ ನೋಡುತ್ತಿದ್ದವು. ಶರಣು ಒಮ್ಮೆ ಅಂಗಳದಲ್ಲಿ ಅವನ್ನು ಕಾಲಿಗೆ ಕಟ್ಟಿಕೊಂಡು ನಿಂತ. ಹಿಂದೆ ತಿರುಗಲು ಹೋಗಿ ಒಂದು ಹಲಗೆಯ ಮೇಲೆ ಇನ್ನೊಂದನ್ನು ಇಟ್ಟು, ತುಳಸಿಕಟ್ಟೆಯನ್ನು ತಬ್ಬಿಕೊಂಡ. "ಸರ್ಕಾರ ಇಂವಗ ಇದಕ್ಕ ಪಗಾರ ಕೊಡ್ತದೇನು?" ಎಂದು ಅತ್ತೆ ಕೇಳಿದರು.

ಮಂಗಳವಾರ ಸಂಜೆ ಅವನು ಹೇಳಿದ: "ಅಕ್ಕಾ, ನಾಳಿ ಹೊಂಡ್ತೀನಿ. ರಜಾ ಇನ್ನೂ ಅದ, ಖರೆ. ದಾರ್‍ಯಾಗ ಐದಾರು ದಿನ ದಿಲ್ಲಿ ನೋಡಬೇಕಂತ ಮಾಡೀನಿ."

ಗುರುವಾರ ಎಳ್ಳಮಾವಾಸ್ಯೆ. ನಮ್ಮ ಕಡೆ ಆ ದಿನ ಸಜ್ಜೆರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ, ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಜೋಳದ ನಡುವೆ ಭೂಮಿತಾಯಿಗೆ ಎಡೆಯ ಅಡುಗೆ ಎರಚಿ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು. ನನಗೆ ಮದುವೆಯಾದಾಗಿನಿಂದ ಶರಣು ಒಮ್ಮೆಯೂ ಆ ದಿನ ನನ್ನ ಜೊತೆ ಉಂಡಿರಲಿಲ್ಲ. ಇರು ಎನ್ನಬಹುದಿತ್ತಲ್ಲ ಎಂದರೆ, ಹೊರಟೆ ಎಂದವರಿಗೆ ನಮ್ಮಲ್ಲಿ "ಹೋಗಬೇಡ" ಎನ್ನುವಂತಿಲ್ಲ. ಅದರಲ್ಲೂ ಫೌಜಿಗೆ ಹೊರಟವನಿಗೆ. ಅಂದುಬಿಟ್ಟರೆ ಆ ಮಾತು ದಾರಿಗೆ ಅಡ್ಡ ಬೀಳುತ್ತದೆ. ಕಾನ್ವೆಂಟಿನಲ್ಲಿ ಓದಿದವಳು ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳಬೇಡಿ. ತಮ್ಮನ ವಿಷಯದಲ್ಲಿ ನಾನು ಎಲ್ಲವನ್ನೂ ನಂಬುತ್ತೇನೆ.

ಕಣ್ಣು ಹಲಗೆಗಳ ಮೇಲೆ ಬಿತ್ತು. ತಳ ಒಣಗಿದಂತೆ ಕಂಡಿತು. ಅಂಚಿಗೆ ಬೆರಳಗಲದ ಉಕ್ಕಿನ ಪಟ್ಟಿ, ಸಣ್ಣ ಸಣ್ಣ ತಿರುಪುಗಳು. "ಇವನ್ನ ಹಿಂಗ ಒಯ್ತೀಯೇನು?" ಎಂದೆ. "ಹೊಸಾ ಸ್ಕೀಗೆ ಮೊದಲ ಮೇಣ ಹಚ್ಚಬೇಕು. ಅಂಚು ಹದ ಮಾಡಿಸಬೇಕು. ನಮ್ಮ ಸಿಸ್ಟರ್ ಹೇಳಿದ್ರು."

ಅದು ಸುಳ್ಳು.

ಶರಣು ನಕ್ಕ. "ಕಾರಖಾನಿಯಿಂದ ಬಂದದ್ದಕ್ಕ? ಹೊಸಾದಕ್ಕೇನ್ ರಿಪೇರಿ ಅಕ್ಕಾ?"

ಯಜಮಾನರೂ ಅವನ ಪಕ್ಷವೇ. ನನ್ನ ಕೇಸು ಬಿದ್ದೇಹೋಯಿತು ಎನ್ನುವಾಗ ಅತ್ತೆ ಒಳಗಿನಿಂದ ಬಂದರು. "ಯಾಕೋ ತಮ್ಮಾ, ಗೇಣುದ್ದ ಮೆಟ್ಟು ಎಣ್ಣಿ ಕುಡೀಲಿಲ್ಲಂದ್ರ ಕಾಲು ಕಡೀತದ. ಇದು ಆಳುದ್ದ ಅದ. ಕಡದ್ರ ತೊಡಿ ತನಕ ಕಡೀತದ." ಮೂರು ವರ್ಷ ನನ್ನನ್ನು ಹದ ಮಾಡಿದವರ ಮಾತಿಗೆ ಎದುರುಂಟೇ? ಶರಣು ಕೈ ಮುಗಿದ. "ಆಯ್ತ್ರಿ ಅತ್ತಿ. ದಿಲ್ಲಿ ಎಲ್ಲಿ ಓಡಿ ಹೋಗ್ತದ" ಎಂದ.

ಬುಧವಾರ ಅಕ್ಕ-ತಮ್ಮ ಇಬ್ಬರೂ ಸ್ಕೀ ಹೊತ್ತು ಸುರಪುರಕ್ಕೆ ಹೋದೆವು. ಅಲ್ಲಿಯ ಕಮ್ಮಾರ ಮಾನಪ್ಪನ ಮನೆತನದವರು ಹಿಂದೆ ನಾಯಕರ ದಂಡಿಗೆ ಕತ್ತಿ ಮಾಡಿಕೊಡುತ್ತಿದ್ದರಂತೆ. ಈಗ ಕುಡಗೋಲು, ಕುಂಟೆ. ಅವನು ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಉದ್ದಕ್ಕೂ ನೋಡಿ, "ಇದು ಯಾರನ್ನ ಕೊಯ್ಯಾಕ್ರಿ ಸಾಹೇಬ್ರ?" ಎಂದ.

"ಯಾರನ್ನೂ ಅಲ್ಲೋ ಮಾರಾಯ. ಹಿಮದಾಗ ಜಾರಾಕ."

"ಜಾರಾಕ ಅಂಚ್ಯಾಕ ಬೇಕ್ರಿ? ಜಾರೂದು ಯಾರಿಗಿ ಬರೂದಿಲ್ಲ? ಜಾರಿದ ಮ್ಯಾಲ ನಿಂದ್ರಾಕ ಅಂಚು ಬೇಕು." ಅಷ್ಟು ಹೇಳಿ ಸಣ್ಣ ಅರ ತೆಗೆದುಕೊಂಡ. ಬರಿಯ ಕಣ್ಣಿಗೆ ಕಾಣದ ಮುಳ್ಳು ಉಕ್ಕಿನ ಅಂಚಿನಲ್ಲಿ ಇರುತ್ತದಂತೆ. ನಾನು ದೀಪದ ಬತ್ತಿಗೆಂದು ಇಟ್ಟುಕೊಂಡಿದ್ದ ಹತ್ತಿಯನ್ನು ಅಂಚಿನ ಮೇಲೆ ಎಳೆದು ನೋಡಿದೆ. ನಾಲ್ಕೈದು ಕಡೆ ಎಳೆ ಸಿಕ್ಕಿಕೊಂಡಿತು. ಮಾನಪ್ಪ ಅಲ್ಲಲ್ಲಿ ಅರ ಆಡಿಸಿದ, ನಾನು ಹತ್ತಿ ಎಳೆದೆ, ಎಲ್ಲೂ ಸಿಕ್ಕದಿರುವ ತನಕ. "ಬಾಗಿದ ಮೂತಿ ಹರಿತ ಮಾಡಿಲ್ರಿ ಅವ್ವಾರ" ಎಂದ. "ಕುಂಟಿ ಮೂಲಿ ಹರಿತ ಆದ್ರ ನೆಲ ಕಚ್ಚಿ ನಿಂದರ್ತದ. ಇದೂ ಹಂಗ ಕಚ್ಚೀತು." ಹಿಮವನ್ನೇ ನೋಡದ ಮೂವರು ಸೇರಿ ಹಿಮದ ಕೆಲಸ ಮುಗಿಸಿದೆವು. ಸುಳ್ಳು ಹೇಳಿದವಳು ಎಂಬುದನ್ನೇ ಮರೆತು ನಾನು ಮೈಯೆಲ್ಲ ಕಣ್ಣಾಗಿ ಹತ್ತಿ ಎಳೆಯುತ್ತಿದ್ದೆ.

ಗುರುವಾರ ಬೆಳಗ್ಗೆ ಒಂದು ಒಲೆಯ ಮೇಲೆ ಭಜ್ಜಿ, ಇನ್ನೊಂದರ ಮೇಲೆ ಜೇನುಮೇಣ. ಕರಗಿದ ಮೇಣವನ್ನು ತಳಕ್ಕೆ ಸವರಿ, ಇಸ್ತ್ರಿಪೆಟ್ಟಿಗೆ ಆಡಿಸಿ, ಶರಣುವಿನ ಹಳೆಯ ಅಂಗಿಯಿಂದ ತಿಕ್ಕಿದೆ. ಒಂದೇ ಪದರ. ಮನೆಯೆಲ್ಲ ಕಾನ್ವೆಂಟಿನ ಪ್ರಾರ್ಥನಾ ಮಂದಿರದ ವಾಸನೆ. ಮಧ್ಯಾಹ್ನ ಹೊಲದಲ್ಲಿ ಶರಣು ನಾಲ್ಕು ಸಜ್ಜೆರೊಟ್ಟಿ ತಿಂದ. ಐದನೆಯದನ್ನು ಮುರಿದು ಅರ್ಧ ನನಗೆ ಕೊಟ್ಟು, "ಬಲ್ಲಾಕಿ ಇದ್ದಿ ಅಕ್ಕಾ" ಎಂದ. ಸ್ಕೀ ವಿಷಯಕ್ಕೆ ಹೇಳಿದನೋ, ಸುಳ್ಳಿನ ವಿಷಯಕ್ಕೆ ಹೇಳಿದನೋ, ಕೇಳಲಿಲ್ಲ. ಶುಕ್ರವಾರ ಹೋದ.

ಅವನು ಹೋದ ಮೇಲೆ ಸುಳ್ಳು ಚುಚ್ಚತೊಡಗಿತು. ನನ್ನ ಮೇಣದಿಂದ ಅವನು ಬಿದ್ದುಗಿದ್ದರೆ? ಸಿಸ್ಟರಿಗೆ ಎಲ್ಲ ಬರೆದು, ನಿಮ್ಮ ಹೆಸರಿನಲ್ಲಿ ಸುಳ್ಳು ಹೇಳಿದ್ದೇನೆ, ಕ್ಷಮಿಸಿ, ಹೊಸ ಸ್ಕೀಗೆ ಇದೆಲ್ಲ ಬೇಕೋ ಬೇಡವೋ ತಿಳಿಸಿ ಎಂದು ಕೇಳಿಕೊಂಡೆ. ಉತ್ತರ ಬರಲಿಲ್ಲ. ಶರಣುವಿನ ಕಾಗದ ಬಂತು. "ಹಿಮ ಅಂದ್ರ ಸೀಮೆಸುಣ್ಣದ ಪುಡಿ ಅಲ್ಲ ಅಕ್ಕಾ, ಯಾದಗಿರಿ ಹತ್ತಿ ಗಿರಣಿ ಅಂಗಳ ಇದ್ದಂಗ ಅದ. ಬಂದ ದಿನದಿಂದ ನೆಗಡಿ. ಕಮ್ಮಿ ಆದ ಮ್ಯಾಲ ನಮಗೂ ಜಾರಾಕ ಕಲಿಸ್ತಾರಂತ." ನೆಗಡಿ ಕಮ್ಮಿಯಾಗಲಿಲ್ಲ. ಎದೆಗಿಳಿಯಿತು. ಆಮೇಲೆ ತಂತಿ ಬಂತು.

ಕೆಲವು ತಿಂಗಳ ನಂತರ ಅವನ ಟ್ರಂಕು ಬಂತು, ಜೊತೆಗೆ ಉದ್ದನೆಯ ಕಟ್ಟು. ಪಕ್ಕದ ಮನೆಯ ಮುದುಕಿ ಈ ಸಲ ಏನೂ ಕೇಳದೆ ನನ್ನ ಪಕ್ಕ ಬಂದು ಕೂತಳು. ಕಟ್ಟು ಬಿಚ್ಚಿ ನೋಡಿದೆ. ತಳದಲ್ಲಿ ನನ್ನ ಮೇಣ ಹಚ್ಚಿದ ಹಾಗೆಯೇ ಇತ್ತು. ಒಂದು ಗೀರಿಲ್ಲ. ಹತ್ತಿ ಎಳೆದರೆ ಎಲ್ಲೂ ಸಿಕ್ಕಲಿಲ್ಲ.

ಆ ವಾರವೇ ಸಿಸ್ಟರರ ಉತ್ತರವೂ ಬಂತು. ಅವರನ್ನು ನೀಲಗಿರಿಯ ಶಾಲೆಗೆ ಕಳಿಸಿದ್ದರಂತೆ, ನನ್ನ ಕಾಗದ ಊರೂರು ತಿರುಗಿ ಅವರಿಗೆ ಮುಟ್ಟಿತ್ತು. ಮಗೂ, ನೀನು ಹೇಳಿದ್ದು ಸುಳ್ಳಲ್ಲ, ಎಂದು ಬರೆದಿದ್ದರು. ಕಾರ್ಖಾನೆಯವರು ಸವರಿದ್ದು ದಾರಿಯಲ್ಲಿ ಕೆಡದಿರಲೆಂದು ಮಾತ್ರ, ಮೊದಲ ಸಲ ಹಿಮಕ್ಕಿಳಿಯುವ ಮುಂಚೆ ಮೇಣ ಹಚ್ಚಲೇಬೇಕು. ಅಂಚಿನ ಮುಳ್ಳು ತೆಗೆಯಬೇಕು, ಮೂತಿಯನ್ನು ಮೊಂಡಾಗಿ ಬಿಡಬೇಕು, ನಿಮ್ಮ ಕಮ್ಮಾರ ಜಾಣ. ಆದರೆ ಒಂದೇ ಪದರ ಸಾಲದು. ನಮ್ಮ ತಂದೆ ನಾಲ್ಕು ಪದರ ಹಚ್ಚುತ್ತಿದ್ದರು, ಒಂದೊಂದು ಪದರಕ್ಕೂ ಒಂದೊಂದು ದಿನ ಆರಲು ಬಿಡುತ್ತಿದ್ದರು.

ಅತ್ತೆಯವರಿಗೆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಸ್ಕೀಯ ಮೂತಿ ಸವರಿದರು. "ಸುಳ್ಳ ಹೇಳಾಕ ನಿಂತ ಮ್ಯಾಲ ದೊಡ್ಡದ ಹೇಳಬೇಕಿತ್ತಲ್ಲ ನಮ್ಮವ್ವಾ" ಎಂದರು. "ಎರಡ ದಿನದ್ದು ಯಾಕ ಹೇಳಿದಿ?"

ನಾಲ್ಕು ಪದರಕ್ಕೆ ನಾಲ್ಕು ದಿನ, ಸುರಪುರಕ್ಕೆ ಒಂದು. ಐದು ದಿನ ನ್ಯಾಯವಾಗಿ ನನ್ನವಾಗಿದ್ದವು. ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಅಷ್ಟು ಚೆನ್ನಾಗಿ ಕಲಿಸಿದ್ದರು ನೋಡಿ, ಹೇಳಲೇಬೇಕಾಗಿ ಬಂದಾಗಲೂ ನಾನು ಸಂಕೋಚದಿಂದ ಸ್ವಲ್ಪವೇ ಹೇಳಿದೆ.