ಜರಿ ಪೇಟದವರನ್ನು ಅನುಮಾನಿಸುವ ಕ್ರಮ

ವಿದ್ಯಾರ್ಥಿ ಹಿತರಕ್ಷಣಾ ಕಚೇರಿ, ಶಿವಮೊಗ್ಗ
ಸಂಖ್ಯೆ: ವಿ.ಹಿ./ಮೋಸ/7, ಆಗಸ್ಟ್ 1938

ವಿಷಯ: ಕೆಲಸ ಕೊಡಿಸುವೆವೆಂದು ಬರುವವರಿಂದ ವಿದ್ಯಾರ್ಥಿಗಳು ಮೋಸ ಹೋಗದಿರುವ, ಹೋಗಲೇಬೇಕಾದಲ್ಲಿ ಕ್ರಮಬದ್ಧವಾಗಿ ಹೋಗುವ ಬಗ್ಗೆ.

ಉಲ್ಲೇಖ: ವಿದ್ಯಾರ್ಥಿ ಹೊನ್ನಯ್ಯನ ತಾಯಿ ಹುಚ್ಚಮ್ಮನವರು ಕಚೇರಿಯ ಬಾಗಿಲಲ್ಲಿ ನಿಂತು ಮಾಡಿದ ಮೌಖಿಕ ಅರ್ಜಿ (ಬಳಸಿದ ಭಾಷೆ ದಾಖಲಿಸಲು ಯೋಗ್ಯವಲ್ಲ).

1. ಕಳೆದ ತಿಂಗಳು ನಗರದ ಹೈಸ್ಕೂಲೊಂದಕ್ಕೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಅಧಿಕಾರಿಯೆಂದು ಹೇಳಿಕೊಂಡ ಒಬ್ಬರು ದಯಮಾಡಿಸಿದ್ದರು. ಗುಮಾಸ್ತೆಯ ಕೆಲಸ ಖಾತ್ರಿಯೆಂದೂ, ಜಾಮೀನಾಗಿ ಚಿನ್ನದ ಒಡವೆಯನ್ನು ಅಂದೇ ಒಪ್ಪಿಸಬೇಕೆಂದೂ ತಿಳಿಸಿದರು. ಅವರಿಗೆ ಕೋಟು, ಬೂಟು, ಜರಿ ಪೇಟ ಇದ್ದುದರಿಂದ ಹೆಡ್ ಮಾಸ್ತರು ವಿಚಾರಣೆಯ ಅಗತ್ಯ ಕಾಣದೆ ಉಪ್ಪಿಟ್ಟು ತರಿಸಿದರು.

2. ಆಗ ಫಕ್ರುದ್ದೀನ್ ಎಂಬ ವಿದ್ಯಾರ್ಥಿಯು, “ನಮ್ಮ ಮಾವ ಹುಸೇನ್ ಸಾಬ್ರು ಅದೇ ಕಾರ್ಖಾನೇಲಿ ಇದಾರೆ. ಅವರನ್ನ ಒಂದ್ ಮಾತು ಕೇಳ್ಕೊಂಡು ನಾಳೆ ಹೇಳ್ತೀನಿ,” ಎಂದನು. ಬಂದವರು, “ನಾಳೆ ಅಂದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ,” ಎಂದರು. ಅತಿಥಿಯನ್ನು ನೋಯಿಸಿದ ತಪ್ಪಿಗೆ ಫಕ್ರುದ್ದೀನನನ್ನು ಬೆಂಚಿನ ಮೇಲೆ ನಿಲ್ಲಿಸಲಾಯಿತು.

3. ಹೊನ್ನಯ್ಯನೂ ಹಿಂಜರಿದನು. ಹೆಡ್ ಮಾಸ್ತರು, “ಇಂಥಾ ಕೋಟು ಹಾಕ್ಕೊಂಡೋರು ಸುಳ್ಳು ಹೇಳ್ತಾರೇನೋ? ಹೋಗಿ ತಗೊಂಡ್ ಬಾ,” ಎಂದು ಧೈರ್ಯ ತುಂಬಿದರು. ಹುಚ್ಚಮ್ಮನವರು ಮದುವೆಯಾದಂದಿನಿಂದ ಬಿಚ್ಚದ ಕಿವಿಯ ವಾಲೆಗಳನ್ನು ಬಿಚ್ಚಿ ಮಗನ ಕೈಗಿಟ್ಟರು; ಅವು ಅಂದೇ ಅತಿಥಿಯ ಜೇಬು ಸೇರಿದವು.

4. ಮರುದಿನ ಹೊನ್ನಯ್ಯನು ಭದ್ರಾವತಿಗೆ ಹೋದಾಗ ಕಾರ್ಖಾನೆಯ ಕಾವಲುಗಾರನು, “ಇಲ್ಲಿ ಯಾರೂ ನಿನ್ನ ಕರೆದಿಲ್ಲ ಮಾರಾಯ, ಮನೆಗೆ ಹೋಗು,” ಎಂದನು. ತಾಯಿಗೆ ಮುಖ ತೋರಿಸಲಾರದೆ ಹುಡುಗನು ರೈಲು ನಿಲ್ದಾಣದಲ್ಲೇ ಕುಳಿತನು. ಹುಡುಕಿಕೊಂಡು ಬಂದ ಫಕ್ರುದ್ದೀನನು ಅವನನ್ನು ತನ್ನ ಮಾವನ ಬಳಿಗೆ ಕರೆದೊಯ್ದನು. ಮೂವರೂ ಶಿವಮೊಗ್ಗ ಪೇಟೆಯ ಚಿನ್ನದಂಗಡಿಗಳನ್ನು ವಿಚಾರಿಸುತ್ತಾ ಹೋಗಿ, ವಾಲೆಗಳನ್ನು ತೂಗಿಸುತ್ತಿದ್ದ ಸದರಿ ಮಹನೀಯರನ್ನು ಹಿಡಿದು ಠಾಣೆಗೆ ಒಪ್ಪಿಸಿದರು. ವಾಲೆಗಳು ಹುಚ್ಚಮ್ಮನವರ ಕಿವಿ ಸೇರಿವೆ. ಇದೆಲ್ಲವೂ ಈ ಕಚೇರಿಯ ಪೂರ್ವಾನುಮತಿ ಇಲ್ಲದೆ ನಡೆದಿರುವುದು ವಿಷಾದನೀಯ.

5. ಆದ್ದರಿಂದ ಸಕಲರಿಗೂ ಆಜ್ಞಾಪಿಸಲಾಗಿದೆ:

(ಅ) ವಂಚಕರು ಶಾಲೆ ಪ್ರವೇಶಿಸುವಾಗ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಳ್ಳತಕ್ಕದ್ದು. ಪಟ್ಟಿ ಇಲ್ಲದವರನ್ನು ಪ್ರಾಮಾಣಿಕರೆಂದು ಭಾವಿಸತಕ್ಕದ್ದು.

(ಆ) “ಇವತ್ತೇ ಕೊಡಿ” ಎಂದು ಅವಸರಪಡಿಸುವವರ ಮೇಲೆ ಅನುಮಾನ ಬಂದಲ್ಲಿ, ಅದನ್ನು ಅರ್ಧವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಮನಸ್ಸಿನಲ್ಲೇ ಇಟ್ಟುಕೊಳ್ಳತಕ್ಕದ್ದು.

(ಇ) “ಕೇಳ್ಕೊಂಡು ಬರ್ತೀನಿ” ಎಂಬ ಮಾತನ್ನು ಶಾಲೆಯ ಆವರಣದಲ್ಲಿ ನಿಷೇಧಿಸಲಾಗಿದೆ. ಜರಿ ಪೇಟದ ಅಂಚು ಎರಡು ಬೆರಳಿಗಿಂತ ಅಗಲವಿದ್ದಲ್ಲಿ ಹಾಗೆ ಯೋಚಿಸುವುದೂ ಅಪರಾಧ.

(ಈ) ನಮ್ಮ ಕಡತದಲ್ಲಿ ವಾಲೆಗಳು ಇನ್ನೂ ಕಳೆದುಹೋದವೆಂದೇ ಇರುವುದರಿಂದ, ಹುಚ್ಚಮ್ಮನವರು ಅವನ್ನು ಧರಿಸಿದಾಗ ಕಳೆದುಕೊಂಡವರಂತೆ ಮುಖ ಮಾಡಿಕೊಂಡಿರತಕ್ಕದ್ದು.

(ಸಹಿ) ನರಸಿಂಹಮೂರ್ತಿ
ವಂಚನಾ ನಿರ್ಮೂಲನಾ ವಿಶೇಷಾಧಿಕಾರಿ
(ಬಡ್ತಿಗೆ ಮುನ್ನ ಸದರಿ ಹೈಸ್ಕೂಲಿನ ಹೆಡ್ ಮಾಸ್ತರು)

ಪ್ರತಿಗಳು:
ಠಾಣೆಯಲ್ಲಿರುವ ಮಹನೀಯರಿಗೆ, ಕೆಂಪು ಪಟ್ಟಿಯ ಸಮೇತ.
ಹುಸೇನ್ ಸಾಬರಿಗೆ, ಸಮಜಾಯಿಷಿ ಕೋರಿ.
ಹುಚ್ಚಮ್ಮನವರಿಗೆ, ಜವಾನರ ಮೂಲಕ. ಅಧಿಕಾರಿಗಳು ಖುದ್ದು ಹೋಗಲು ಇಚ್ಛಿಸುವುದಿಲ್ಲ.
ಫಕ್ರುದ್ದೀನನಿಗೆ ಪ್ರತಿ ಇಲ್ಲ. ಓದಿ ಪ್ರಶ್ನೆ ಕೇಳುವ ಸಂಭವವಿದೆ.