ಎತ್ತಿನ ಛಾಪಿನ ಅಂಗಿ

ಅರಿವೆ ಅಂಗಡಿಯ ಗಾದಿ ಮೇಲೆ ಕೂತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ಬಾಗಿಲು ತೆಗೆದರೆ ಸಾಕು, ನಗೆ ತಾನೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಸಿಂದಗಿ ಬಜಾರಿನಲ್ಲಿ ನನ್ನದು ಅಂಥದೊಂದು ಅಂಗಡಿ.

೧. ದಂಟು

ವಿಜಯಪುರದಿಂದ ಒಬ್ಬ ಡಿಸೈನರ್ ಅಕ್ಕಾರು ಬಂದರು. ತಾವೇ ಬರೆದ ಚಿತ್ರಗಳನ್ನು ಅರಿವೆ ಮೇಲೆ ಛಾಪಿಸಿ ಮಾರುವವರು. "ಇದರಾಗ ಚಿತ್ರಾನ ಮಾಲಕರ್ರಿ. ಅದು ಹೇಳಿದಂಗ ಕತ್ತರಿ ಆಡಬೇಕು," ಅಂದರು. ತಂದ ಅರಿವೆ ಥಾನಿನ ತುಂಬ ಜೋಳದ ದಂಟು. ಕುರ್ತಾ ಹೊಲಿದರೆ ಬೇರು ಕೆಳಗಿನ ಅಂಚಿಗೆ, ತೆನೆ ಹೆಗಲಿಗೆ ಬರಬೇಕು.

ನಮ್ಮ ಕಟ್ಟೆಯ ಮೇಲೆ ಮಷೀನು ಇಟ್ಟುಕೊಂಡ ಟೇಲರ್ ಕಾಕಾ ಗೊಣಗಿದ: "ಮೂವತ್ತು ವರ್ಷ ಮಂದೀನ ಕೇಳಿ ಹೊಲದೇನಿ. ಈಗ ದಂಟನ್ನ ಕೇಳಬೇಕೇನು?" ಕೇಳಲಿಲ್ಲ. ಅರಿವೆ ಉಳಿಸಲು ಹಿಂದಿನ ತುಂಡನ್ನು ತಲೆಕೆಳಗೆ ತಿರುವಿ ಕತ್ತರಿಸಿದ.

ಶಾಲೆಯಲ್ಲಿ ಕಲಿಸುವ ಬಾಯಾರು ಆ ಕುರ್ತಾ ಹಾಕಿಕೊಂಡು ಕನ್ನಡಿ ಮುಂದೆ ತಿರುಗಿ ನೋಡಿದರು. "ಕಾಕಾ, ಮುಂದ ಬೆಳಿ ನಿಂತೈತಿ, ಹಿಂದ ಕಿತ್ತು ಒಗದೀರಿ. ರಾಶಿ ಯಾವಾಗ?"

೨. ಸುಳಿ

ಮುಂದಿನ ಸಲ ಅಕ್ಕಾರು ಅಂಗಿ ಅರಿವೆ ತಂದರು. ಅಂಗಿಗೊಂದು ಎತ್ತು, ಎಡ ಎದೆಗೆ. ಎತ್ತಿನ ಬೆನ್ನಿಗೆ ಚೆಂದಕ್ಕೆಂದು ಒಂದು ಸುರುಳಿ. ಉಳಿದರೆ ವಾಪಸಿಲ್ಲ ಎಂಬ ಕರಾರಿನ ಮೇಲೆ ಹತ್ತು ಥಾನು ಹಿಡಿದೆ.

ಯಂಕಂಚಿಯ ಒಬ್ಬ ರೈತ ಬಂದ. ನಮ್ಮ ಕಡೆ ದನ ಕೊಳ್ಳುವಾಗ ಮೈಮೇಲಿನ ಕೂದಲಿನ ಸುಳಿ ನೋಡದೆ ಹಗ್ಗ ಹಿಡಿಯುವುದಿಲ್ಲ. ಆತ ಅರಿವೆ ಮುಟ್ಟಲೇ ಇಲ್ಲ. ಕೊಂಬು ನೋಡಿದ, ಕಾಲು ನೋಡಿದ, ಆ ಸುರುಳಿ ನೋಡಿ ಹಿಂದೆ ಸರಿದ.

"ಸಾವ್ಕಾರ್ರ, ಸುಳಿ ಖೊಟ್ಟಿ ಐತಿ. ಇಂಥಾ ಎತ್ತು ಹೊಕ್ಕ ಮನಿ ಉದ್ಧಾರ ಆಗೂದಿಲ್ಲ."

"ಅರಿವಿ ಮ್ಯಾಗಿನ ಎತ್ತೋ ಮಾರಾಯಾ!"

"ಅದಕ್ಕ ಮತ್ತೂ ಬ್ಯಾಡ್ರಿ. ಖರೇ ಎತ್ತಾದ್ರ ಕೊಟ್ಟಿಗ್ಯಾಗ ಕಟ್ಟಬಹುದು. ಇದನ್ನ ಎದಿಗೇ ಕಟ್ಟಿಕೋಬೇಕು."

೩. ಕಿಸೆ

ಮಾತು ಸಂತೆಯಲ್ಲಿ ಹಬ್ಬಿತು. ಒಂದು ತಿಂಗಳು ಒಂದು ಮೀಟರೂ ಕದಲಲಿಲ್ಲ. ಕೊನೆಗೆ ಟೇಲರ್ ಕಾಕಾ ಚಿತ್ರದ ಮಾತು ಕೇಳಿದ. ಕಿಸೆಯನ್ನು ನಾಲ್ಕು ಬೆರಳು ಕೆಳಗಿಳಿಸಿ, ಅಗಲ ಮಾಡಿ, ನೇರ ಸುಳಿಯ ಮೇಲೆ ಕೂಡಿಸಿದ. ಹಬ್ಬಕ್ಕೆ ಎತ್ತಿನ ಬೆನ್ನ ಮೇಲೆ ಜೂಲಾ ಹೊದಿಸಿದಂತೆ ಕಂಡಿತು. ಹತ್ತೂ ಥಾನು ಖಾಲಿ. ಯಂಕಂಚಿಯವನೂ ಒಂದು ಹೊಲಿಸಿಕೊಂಡ: "ಈ ಎತ್ತು ಲಕ್ಷಣದ್ದೈತಿ ನೋಡ್ರಿ."

ಎರಡು ತಿಂಗಳಿಗೆ ಅದೇ ಅಂಗಿ ತೊಟ್ಟು ಬಂದ. ಒಗೆದು ಒಗೆದು ಕಿಸೆಯ ಹೊಲಿಗೆ ಬಿಚ್ಚಿ ಸುಳಿ ಇಣುಕುತ್ತಿತ್ತು. ಅಂಗಡಿ ತುಂಬ ಗಿರಾಕಿ.

"ಸುಳಿ ಮುಚ್ಚಿ ಎತ್ತು ಮಾರೀರಿ, ಸಾವ್ಕಾರ್ರ!"

ಇವನೊಬ್ಬನ ಅಂಗಿ ವಾಪಸ್ ಹಿಡಿದರೆ ನಾಳೆ ತಾಲೂಕಿಗೆ ತಾಲೂಕೇ ಬರುತ್ತದೆ. ಮೆಲ್ಲಗೆ ಕೇಳಿದೆ: "ವಾಪಸ್ ಕೊಡಾಕ ಬಂದೀಯೇನಪಾ?"

"ಏ ಇಲ್ರಿ." ಆತ ಗಾದಿಗೆ ಬಾಗಿ ದನಿ ಇಳಿಸಿದ. "ನಮ್ಮ ಮನ್ಯಾಗೂ ಇಂಥಾದ್ದ ಸುಳಿ ಇರೂ ಎತ್ತೊಂದೈತಿ. ಮೂರು ಸಂತಿ ಆತು, ಯಾರೂ ಒಯ್ಯವಲ್ರು. ಹೊರಗ ಕಂಬಕ್ಕ ಕಟ್ಟಿ ಬಂದೇನಿ. ಕಾಕಾಗ ಹೇಳಿ ಅದಕ್ಕೂ ಒಂದು ಕಿಸೆ ಹಚ್ಚಸ್ರಿ."